ಸರ್ವೆ ನಂಬರು ಮತ್ತು ಬೀಗದ ಕೈ: ಡೇಟಾ ಮೂಲಗಳು ಮನೆ ಬದಲಿಸುವಾಗ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನಿದ್ದಾಗ, ಮಾರಾಟ ವಿಭಾಗದ ಮುಖ್ಯಸ್ಥರು ಪ್ರತಿ ಸೋಮವಾರದ ಸಭೆಯಲ್ಲಿ ನಮ್ಮ ತಂಡ ಕಟ್ಟಿಕೊಟ್ಟ ಡ್ಯಾಶ್‌ಬೋರ್ಡನ್ನು ತೆರೆದುಕೊಂಡು ಕೂರುತ್ತಿದ್ದರು. ಒಂದು ಸೋಮವಾರ ನನ್ನನ್ನು ಕರೆದು, "ಹುಬ್ಬಳ್ಳಿ ಡಿಪೊ ಎರಡು ವಾರದಿಂದ ಒಂದೇ ಅಂಕಿ ತೋರಿಸ್ತಿದೆ ನೋಡಿ, ಅಲ್ಲಿ ಯಾರೂ ಬಿಲ್ ಹಾಕ್ತಿಲ್ವಾ?" ಎಂದು ಕೇಳಿದರು. ಹುಬ್ಬಳ್ಳಿಯವರು ದಿನವೂ ಬಿಲ್ ಹಾಕುತ್ತಿದ್ದರು. ಡ್ಯಾಶ್‌ಬೋರ್ಡ್ ಓದುತ್ತಿದ್ದದ್ದು ಮಾತ್ರ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಹಳೆಯ ನಕಲು ಡೇಟಾಬೇಸನ್ನು. ಎರಡು ವಾರದ ಹಿಂದೆ ಟೆಸ್ಟ್ ಸರ್ವರ್‌ನಿಂದ ಡೇಟಾ ಮೂಲದ ಸಂರಚನೆಯನ್ನು ಎಕ್ಸ್‌ಪೋರ್ಟ್ ಮಾಡಿ ಪ್ರೊಡಕ್ಷನ್‌ಗೆ ಇಂಪೋರ್ಟ್ ಮಾಡಿದವನು ನಾನೇ. ಇಂಪೋರ್ಟ್ ಯಶಸ್ವಿಯಾಯಿತು ಎಂಬ ಹಸಿರು ಪಟ್ಟಿ ಪರದೆಯ ಮೇಲೆ ಬಂದಿತ್ತು. ಫೈಲಿನೊಳಗೆ ಟೆಸ್ಟ್ ಸರ್ವರ್‌ನ ವಿಳಾಸವೂ ಪಾಸ್‌ವರ್ಡೂ ಹಾಗೇ ಕೂತು ಬಂದಿದ್ದವು. ಹೊಸ ಸರ್ವರ್‌ನಿಂದ ಆ ಹಳೆಯ ವಿಳಾಸಕ್ಕೆ ದಾರಿಯೂ ತೆರೆದಿತ್ತು. ಹೀಗಾಗಿ ಎಲ್ಲಿಯೂ ಎರರ್ ಬರಲಿಲ್ಲ. ಎರಡು ವಾರ ಒಂದು ವಿಭಾಗ ಸತ್ತ ಅಂಕಿಗಳನ್ನು ನೋಡಿಕೊಂಡು ಸರಕು ಕಳಿಸುವ ತೀರ್ಮಾನ ಮಾಡಿತು.

ವಿಶ್ಲೇಷಣಾ ಸಾಧನಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಚಾರ್ಟಿನ ಚೆಲುವಿನ ಬಗ್ಗೆ, ವೇಗದ ಬಗ್ಗೆ, ಈಚೆಗೆ ಕೃತಕ ಬುದ್ಧಿಮತ್ತೆಯ ಬಗ್ಗೆ. ಡೇಟಾ ಎಲ್ಲಿಂದ ಬರಬೇಕು ಎಂದು ಸಾಧನಕ್ಕೆ ತಿಳಿಸುವ ಸಣ್ಣ ಫೈಲು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಏನಾಗುತ್ತದೆ ಎಂಬುದನ್ನು ಕೈಪಿಡಿಯ ಕೊನೆಯ ಅಧ್ಯಾಯಕ್ಕೆ ತಳ್ಳಿರುತ್ತಾರೆ. ಆದರೆ ಸರ್ವರ್ ಬದಲಿಸುವಾಗ, ಟೆಸ್ಟ್‌ನಿಂದ ಪ್ರೊಡಕ್ಷನ್‌ಗೆ ಹೋಗುವಾಗ, ಒಂದು ಕಂಪನಿ ಇನ್ನೊಂದನ್ನು ಕೊಂಡಾಗ, ಎಲ್ಲವನ್ನೂ ಕ್ಲೌಡಿಗೆ ಸಾಗಿಸುವಾಗ ಅಂಕಿಗಳ ಮೇಲಿನ ನಂಬಿಕೆ ನಿಂತಿರುವುದು ಈ ಫೈಲಿನ ಮೇಲೆಯೇ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬೇರೆ ಬೇರೆ ಸಾಧನಗಳು ಇದನ್ನು ಹೇಗೆ ನಿಭಾಯಿಸಿವೆ ಎಂಬುದನ್ನು ಇಲ್ಲಿ ನೋಡುತ್ತಿದ್ದೇನೆ.

ಡೇಟಾ ಮೂಲದ ಸಂರಚನೆ ಎಂದರೆ ಒಂದೇ ವಸ್ತು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಬಿಚ್ಚಿ ನೋಡಿದರೆ ಅದರಲ್ಲಿ ಮೂರು ಪದರಗಳಿರುತ್ತವೆ. ಮೊದಲನೆಯದು ಅರ್ಥ: ಯಾವ ಕಾಲಂಗೆ ಏನು ಹೆಸರು, ನಿವ್ವಳ ಮಾರಾಟವನ್ನು ಲೆಕ್ಕ ಹಾಕುವ ಸೂತ್ರ ಯಾವುದು, ಯಾವ ಟೇಬಲ್ ಯಾವುದಕ್ಕೆ ಕೂಡಿಕೊಳ್ಳುತ್ತದೆ. ಎರಡನೆಯದು ವಿಳಾಸ: ಸರ್ವರ್‌ನ ಹೆಸರು, ಪೋರ್ಟ್, ಡೇಟಾಬೇಸ್, ಡ್ರೈವರ್, ಅಕ್ಷರ ಸಂಕೇತ, ಕಾಲವಲಯ. ಮೂರನೆಯದು ಗುಟ್ಟು: ಬಳಕೆದಾರರ ಹೆಸರು, ಪಾಸ್‌ವರ್ಡ್, ಟೋಕನ್. ಅರ್ಥ ಎಲ್ಲಿಗೆ ಹೋದರೂ ಹಾಗೇ ಹೋಗಬೇಕು. ವಿಳಾಸ ಹೋದ ಊರಿಗೆ ತಕ್ಕಂತೆ ಬದಲಾಗಬೇಕು. ಗುಟ್ಟು ಫೈಲಿನ ಜೊತೆ ಪ್ರಯಾಣ ಮಾಡಲೇಬಾರದು. ಒಂದು ಸಾಧನ ಒಳ್ಳೆಯದೋ ಅಲ್ಲವೋ ಎಂದು ನಾನು ಅಳೆಯುವುದು ಈ ಮೂರನ್ನೂ ಎಷ್ಟು ಚೊಕ್ಕವಾಗಿ ಬೇರ್ಪಡಿಸಿದೆ ಎಂಬುದರಿಂದ. ಹಾಗೆಯೇ ಇಂಪೋರ್ಟ್ ಹೊತ್ತಿನಲ್ಲಿ ತಾನು ತರದೆ ಬಿಟ್ಟದ್ದೇನು ಎಂಬುದನ್ನು ಅದು ಬಾಯಿಬಿಟ್ಟು ಹೇಳುತ್ತದೆಯೇ ಎಂಬುದರಿಂದ.

ಕಥೆ ಶುರುವಾಗುವುದು 1992ರಲ್ಲಿ, ಮೈಕ್ರೋಸಾಫ್ಟ್ ಹೊರತಂದ ಒಡಿಬಿಸಿಯಿಂದ. ಅದಕ್ಕೆ ಮೊದಲು ಪ್ರತಿ ಪ್ರೋಗ್ರಾಮ್ ಪ್ರತಿ ಡೇಟಾಬೇಸಿನ ಜೊತೆ ಅದರದೇ ಭಾಷೆಯಲ್ಲಿ ಮಾತಾಡಬೇಕಿತ್ತು. ಒಡಿಬಿಸಿ ನಡುವೆ ನಿಂತ ದುಭಾಷಿ. ಅದು ಕೊಟ್ಟ ಡಿಎಸ್‌ಎನ್ ಎಂಬ ಕಲ್ಪನೆ ಇಂದಿಗೂ ಬದುಕಿದೆ: ಸರ್ವರ್‌ನ ವಿವರವನ್ನೆಲ್ಲ ಒಂದು ಹೆಸರಿನ ಕೆಳಗೆ ಇಡು, ಪ್ರೋಗ್ರಾಮ್ ಆ ಹೆಸರನ್ನಷ್ಟೇ ಕೇಳಲಿ. ಹೆಸರು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿದ್ದು ಅದರ ಹಿಂದಿನ ವಿಳಾಸ ಯಂತ್ರಕ್ಕೆ ತಕ್ಕಂತೆ ಬೇರೆಯಾಗಬಹುದು. ಯೋಚನೆ ಅದ್ಭುತವಾದದ್ದು. ತೊಡಕಾದದ್ದು ಅದನ್ನು ಇಟ್ಟ ಜಾಗ. ಫೈಲ್ ಡಿಎಸ್‌ಎನ್ ಎಂಬ ಒಂದು ಬಗೆ ಸಾದಾ ಪಠ್ಯದ ಫೈಲು, ಅದನ್ನು ಯಾರಿಗೂ ಕಳಿಸಬಹುದು. ಆದರೆ ಹೆಚ್ಚು ಬಳಕೆಯಾದ ಯೂಸರ್ ಮತ್ತು ಸಿಸ್ಟಂ ಡಿಎಸ್‌ಎನ್‌ಗಳು ವಿಂಡೋಸ್ ರಿಜಿಸ್ಟ್ರಿಯ ಹೊಟ್ಟೆಯೊಳಗೆ ಸೇರಿಕೊಂಡವು. ಅವುಗಳನ್ನು ಸಾಗಿಸಲು ರಿಜಿಸ್ಟ್ರಿಯ ಒಂದು ತುಂಡನ್ನೇ ಕತ್ತರಿಸಿ ಇನ್ನೊಂದು ಯಂತ್ರಕ್ಕೆ ಅಂಟಿಸಬೇಕು. 64 ಬಿಟ್ ಯಂತ್ರಗಳು ಬಂದ ಮೇಲೆ ಗೊಂದಲ ಇಮ್ಮಡಿಯಾಯಿತು. 32 ಬಿಟ್‌ನವು ಒಂದು ಕಡೆ, 64 ಬಿಟ್‌ನವು ಇನ್ನೊಂದು ಕಡೆ. ಎರಡನ್ನೂ ನೋಡಿಕೊಳ್ಳುವ ಪ್ರೋಗ್ರಾಮುಗಳ ಫೈಲಿಗೆ ಒಂದೇ ಹೆಸರು, ಆ ಹೆಸರಿನ ಕೊನೆಗೆ 32 ಎಂಬ ಅಂಕಿ. ಅವುಗಳಲ್ಲಿ 64 ಬಿಟ್‌ನದು ಇರುವುದು ಸಿಸ್ಟಂ32 ಎಂಬ ಫೋಲ್ಡರಿನಲ್ಲಿ. ಡಿಎಸ್‌ಎನ್ ಕಣ್ಣಮುಂದೆಯೇ ಇದ್ದರೂ ವರದಿಗೆ ಕಾಣಿಸುತ್ತಿಲ್ಲ ಎಂದು ಅರ್ಧ ದಿನ ತಲೆ ಚಚ್ಚಿಕೊಂಡವರು ನಮ್ಮ ವೃತ್ತಿಯಲ್ಲಿ ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ.

ಆಮೇಲೆ ಬಂದವು ದೊಡ್ಡ ಸಂಸ್ಥೆಗಳ ದೊಡ್ಡ ಸಾಧನಗಳು. 2007ರ ಒಂದೇ ವರ್ಷದಲ್ಲಿ ಒರಾಕಲ್ ಹೈಪೀರಿಯನ್ನನ್ನು ಕೊಂಡಿತು. ಬಿಸಿನೆಸ್ ಆಬ್ಜೆಕ್ಟ್ಸ್ ಅನ್ನು ಕೊಳ್ಳುವುದಾಗಿ ಎಸ್‌ಎಪಿ, ಕಾಗ್ನೋಸ್ ಅನ್ನು ಕೊಳ್ಳುವುದಾಗಿ ಐಬಿಎಂ ಘೋಷಿಸಿದವು. ಇಂಥ ಸಾಧನಗಳಲ್ಲಿ ಡೇಟಾ ಮೂಲವು ಬಿಡಿ ಫೈಲಲ್ಲ, ಒಂದು ಕೇಂದ್ರ ಭಂಡಾರದ ನಮೂದು. ರಫ್ತು ಎಂದರೆ ಭಂಡಾರದ ಒಂದು ಭಾಗವನ್ನು ಗಂಟು ಕಟ್ಟುವುದು. ಕಾಗ್ನೋಸ್ ಹೀಗೆ ಗಂಟು ಕಟ್ಟುವಾಗ ಡೇಟಾ ಮೂಲಗಳ ಜೊತೆ ಅವುಗಳ ಲಾಗಿನ್ ವಿವರವನ್ನೂ ಸೇರಿಸಲೇ ಎಂದು ಕೇಳುತ್ತದೆ. ಸೇರಿಸು ಎಂದರೆ ಗಂಟಿಗೇ ಒಂದು ಪಾಸ್‌ವರ್ಡ್ ಹಾಕಿಸಿಕೊಳ್ಳುತ್ತದೆ. ಕೇಳುವ ಈ ಗುಣ ನನಗೆ ಇಷ್ಟ. ಬಿಸಿನೆಸ್ ಆಬ್ಜೆಕ್ಟ್ಸ್‌ನ ಸಾಗಾಟ ವ್ಯವಸ್ಥೆಯಲ್ಲಿ, ಹೋಗುವ ಊರಿನಲ್ಲಿ ಯಾವ ವಿಳಾಸವನ್ನು ಯಾವುದಕ್ಕೆ ಬದಲಿಸಬೇಕು ಎಂದು ಮೊದಲೇ ಬರೆದಿಡುವ ಸೌಲಭ್ಯವಿದೆ. ಒರಾಕಲ್‌ನ ಸಾಧನ ತನ್ನ ಇಡೀ ಮಾದರಿಯನ್ನು ಆರ್‌ಪಿಡಿ ಎಂಬ ಒಂದು ಫೈಲಿನಲ್ಲಿ ಮೂರು ಅಂತಸ್ತು ಮಾಡಿ ಇಡುತ್ತದೆ. ಕೆಳಗಿನ ಅಂತಸ್ತು ಭೌತಿಕ ಡೇಟಾಬೇಸಿನದು, ನಡುವಿನದು ವ್ಯವಹಾರದ ಅರ್ಥದ್ದು, ಮೇಲಿನದು ಓದುಗನಿಗೆ ಕಾಣುವುದು. ಅರ್ಥವನ್ನೂ ವಿಳಾಸವನ್ನೂ ಬೇರೆ ಬೇರೆ ಅಂತಸ್ತಿನಲ್ಲಿ ಇಡಬೇಕು ಎಂಬ ತಿಳಿವಳಿಕೆ ಅಂದೇ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಪೀಳಿಗೆಯಿಂದ ಕಲಿಯಬೇಕಾದ ದೊಡ್ಡ ಪಾಠ ಮೈಕ್ರೋಸಾಫ್ಟ್‌ನ ರಿಪೋರ್ಟಿಂಗ್ ಸರ್ವೀಸಸ್‌ನಲ್ಲಿದೆ. 2004ರಲ್ಲಿ ಬಂದ ಈ ಸಾಧನ ಡೇಟಾ ಮೂಲಗಳ ಪಾಸ್‌ವರ್ಡುಗಳನ್ನೆಲ್ಲ ಒಂದು ಕೀಲಿಯಿಂದ ಗೂಢಲಿಪಿ ಮಾಡಿ ತನ್ನ ಡೇಟಾಬೇಸಿನಲ್ಲಿಟ್ಟಿತು. ಸರ್ವರ್ ಬದಲಿಸುವಾಗ ಡೇಟಾಬೇಸನ್ನು ಹೊಸ ಯಂತ್ರಕ್ಕೆ ಒಯ್ದರೆ ಸಾಲದು, ಆ ಕೀಲಿಯ ನಕಲನ್ನೂ ಪ್ರತ್ಯೇಕವಾಗಿ ತೆಗೆದು ಅಲ್ಲಿ ಕೂರಿಸಬೇಕು. ನಕಲು ಇಲ್ಲವಾದರೆ ಉಳಿಯುವ ದಾರಿ ಒಂದೇ: ಗೂಢಲಿಪಿಯಲ್ಲಿದ್ದದ್ದನ್ನೆಲ್ಲ ಅಳಿಸಿ ಪ್ರತಿ ಡೇಟಾ ಮೂಲಕ್ಕೂ ಕೈಯಾರೆ ಮತ್ತೆ ಪಾಸ್‌ವರ್ಡ್ ತುಂಬುವುದು. ಹಲವು ವರ್ಷದ ಹಿಂದೆ ಕೆಲಸ ಬಿಟ್ಟುಹೋದವರು ಇಟ್ಟ ಪಾಸ್‌ವರ್ಡುಗಳನ್ನು ಹುಡುಕಿಕೊಂಡು ವಾರಗಟ್ಟಲೆ ಅಲೆಯುವ ಕೆಲಸ ಅದು. ಮೈಕ್ರೋಸಾಫ್ಟ್‌ನದೇ ಇನ್ನೊಂದು ಸಾಧನವಾದ ಪವರ್ ಬಿಐನ ಆನ್-ಪ್ರೆಮಿಸಸ್ ಗೇಟ್‌ವೇ ಕೂಡ ಅನುಸ್ಥಾಪನೆಯ ಹೊತ್ತಿನಲ್ಲಿ ಒಂದು ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಲು ಹೇಳುತ್ತದೆ. ಅದನ್ನು ಕಳೆದುಕೊಂಡವರಿಗೆ ಕಂಪನಿಯೂ ಅದನ್ನು ತಿರುಗಿ ಕೊಡಲಾರದು. ಆ ಕೀಲಿಯನ್ನು ಎಲ್ಲಿಟ್ಟಿದ್ದೇವೆ ಎಂದು ನಿಮ್ಮ ಕಚೇರಿಯಲ್ಲಿ ಇಂದೇ ಒಮ್ಮೆ ಕೇಳಿ ನೋಡಿ.

ಈಗ ಬಹಳ ಜನ ಬಳಸುವ ಎರಡು ಸಾಧನಗಳಿಗೆ ಬರೋಣ. ಸ್ಟ್ಯಾನ್‌ಫರ್ಡ್‌ನ ಸಂಶೋಧನೆಯಿಂದ 2003ರಲ್ಲಿ ಹುಟ್ಟಿದ ಟ್ಯಾಬ್ಲೊ, 2019ರಿಂದ ಸೇಲ್ಸ್‌ಫೋರ್ಸ್‌ನ ಕೈಯಲ್ಲಿದೆ. ಅದರಲ್ಲಿ ಡೇಟಾ ಮೂಲವನ್ನು ಎರಡು ಬಗೆಯಲ್ಲಿ ಹೊರತೆಗೆಯಬಹುದು. ಟಿಡಿಎಸ್ ಎಂಬುದು (ಆದಾಯ ತೆರಿಗೆಯ ಟಿಡಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ) ಎಕ್ಸ್‌ಎಂಎಲ್‌ನಲ್ಲಿ ಬರೆದ ಪಠ್ಯ. ಸಂಪರ್ಕದ ವಿವರ, ಲೆಕ್ಕದ ಸೂತ್ರಗಳು, ಗುಂಪುಗಳು, ಪ್ರತಿ ಕಾಲಂನ ಪೂರ್ವನಿಗದಿ ಗುಣಗಳು ಇದರಲ್ಲಿರುತ್ತವೆ, ಡೇಟಾ ಇರುವುದಿಲ್ಲ. ಟಿಡಿಎಸ್‌ಎಕ್ಸ್ ಎಂಬುದು ಅದರ ಜೊತೆ ಡೇಟಾದ ನಕಲನ್ನೂ ಕಟ್ಟಿ ಕೊಡುವ ಪೊಟ್ಟಣ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಪರಿಣಾಮದಲ್ಲಿ ಅಜಗಜಾಂತರ. ಮೊದಲನೆಯದನ್ನು ಸಹೋದ್ಯೋಗಿಗೆ ಇಮೇಲ್ ಮಾಡಿದರೆ ಜಮೀನಿನ ಪಹಣಿ ಕಳಿಸಿದಂತೆ. ಎರಡನೆಯದನ್ನು ಕಳಿಸಿದರೆ ಆ ಜಮೀನಿನ ಬೆಳೆಯನ್ನೇ ಲಾರಿಗೆ ತುಂಬಿ ಕಳಿಸಿದಂತೆ. ಮೊದಲನೆಯದರ ತೊಡಕು ಇನ್ನೊಂದು ಬಗೆಯದು. ಡೇಟಾ ನಿಮ್ಮ ಲ್ಯಾಪ್‌ಟಾಪಿನ ಡಿ ಡ್ರೈವಿನ ಎಕ್ಸೆಲ್ ಫೈಲಿನಲ್ಲಿದ್ದರೆ ಟಿಡಿಎಸ್ ಒಯ್ಯುವುದು ಆ ಡಿ ಡ್ರೈವಿನ ದಾರಿಯನ್ನು. ಪಡೆದವರ ಯಂತ್ರದಲ್ಲಿ ಆ ದಾರಿಯೇ ಇರುವುದಿಲ್ಲ.

ಪವರ್ ಬಿಐ ಎಲ್ಲರಿಗೂ ತೆರೆದದ್ದು 2015ರ ಜುಲೈನಲ್ಲಿ. ಅದರ ಪಿಬಿಐಎಕ್ಸ್ ಫೈಲು ಇಂಪೋರ್ಟ್ ಮಾದರಿಯಲ್ಲಿದ್ದರೆ ಡೇಟಾವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಟೆಂಪ್ಲೇಟ್ ಆದ ಪಿಬಿಐಟಿಯಲ್ಲಿ ಕ್ವೆರಿಗಳು, ಮಾದರಿ, ಪುಟಗಳು ಎಲ್ಲ ಇರುತ್ತವೆ, ಡೇಟಾ ಇರುವುದಿಲ್ಲ. ತೆರೆದ ಕೂಡಲೇ ಪ್ಯಾರಾಮೀಟರುಗಳ ಬೆಲೆ ಕೇಳುತ್ತದೆ: ಸರ್ವರ್ ಯಾವುದು, ಡೇಟಾಬೇಸ್ ಯಾವುದು? 2019ರಲ್ಲಿ ಸೇರಿದ ಪಿಬಿಐಡಿಎಸ್ ಇನ್ನೂ ಸರಳ. ಜೇಸನ್‌ನಲ್ಲಿ ಬರೆದ ಕೆಲವೇ ಸಾಲು, ಒಂದು ಫೈಲಿಗೆ ಒಂದೇ ಮೂಲ, ವಿಳಾಸ ಮಾತ್ರ. ತೆರೆದವರು ತಮ್ಮ ಲಾಗಿನ್ ತಾವೇ ಕೊಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸರ್ವರ್‌ನ ಉದ್ದನೆಯ ಹೆಸರನ್ನು ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳುವ ಬದಲು ಈ ಫೈಲು ಕಳಿಸಿದರೆ ಸಾಕು. ನನ್ನ ಲೆಕ್ಕದಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಫೈಲು ಇದೇ. ಒಂದೇ ಕೆಲಸ ಮಾಡುತ್ತದೆ, ಗುಟ್ಟಿನ ಗೋಜಿಗೆ ಹೋಗುವುದಿಲ್ಲ. ಇದೇ ಸಾಧನದ ಡಿಪ್ಲಾಯ್‌ಮೆಂಟ್ ಪೈಪ್‌ಲೈನುಗಳಲ್ಲಿ, ವರದಿ ಟೆಸ್ಟ್‌ನಿಂದ ಪ್ರೊಡಕ್ಷನ್‌ಗೆ ಏರುವಾಗ ಡೇಟಾ ಮೂಲದ ವಿಳಾಸ ತಾನಾಗಿ ಬದಲಾಗುವಂತೆ ನಿಯಮ ಬರೆದಿಡಬಹುದು. ನಿಯಮವನ್ನು ಹೋಗುವ ಹಂತದಲ್ಲೇ ಬರೆಯಬೇಕು, ಮತ್ತು ಪಾಸ್‌ವರ್ಡುಗಳು ಏರಿ ಹೋಗುವುದಿಲ್ಲ. ಇಂಥದ್ದೊಂದು ನಿಯಮ ಅಂದು ನನ್ನ ಕೈಯಲ್ಲಿದ್ದ ಸಾಧನದಲ್ಲಿ ಇದ್ದಿದ್ದರೆ ಹುಬ್ಬಳ್ಳಿ ಡಿಪೊದ ಮಾತು ಏಳುತ್ತಲೇ ಇರಲಿಲ್ಲ.

ಕ್ಲಿಕ್ ಸಾಧನದ ಬಗ್ಗೆ ಎರಡೇ ಮಾತು. ಹಳೆಯ ಕ್ಲಿಕ್‌ವ್ಯೂನಲ್ಲಿ ಸಂಪರ್ಕದ ಸಾಲು ಸ್ಕ್ರಿಪ್ಟಿನೊಳಗೇ ಇರುತ್ತಿತ್ತು, ಪಾಸ್‌ವರ್ಡನ್ನು ಕಲಸಿ ಬರೆದಿರುತ್ತಿದ್ದರು. ಕಲಸುವುದು ಬೇರೆ, ಬೀಗ ಹಾಕುವುದು ಬೇರೆ; ಆ ಸಾಲನ್ನು ನಕಲು ಮಾಡಿಕೊಂಡವರಿಗೆ ಕಲಸಿದ ಪಾಸ್‌ವರ್ಡೂ ಕೆಲಸಕ್ಕೆ ಬರುತ್ತಿತ್ತು. ಕ್ಲಿಕ್ ಸೆನ್ಸ್‌ನಲ್ಲಿ ಸಂಪರ್ಕವನ್ನು ಆ್ಯಪಿನಿಂದ ಹೊರಗಿಟ್ಟು, ಸ್ಕ್ರಿಪ್ಟಿನಲ್ಲಿ ಅದರ ಹೆಸರನ್ನಷ್ಟೇ ಉಳಿಸಿದರು. ಲುಕರ್‌ನದೂ ಇದೇ ದಾರಿ. ಅದರ ಮಾದರಿಯೆಲ್ಲ ಪಠ್ಯದ ಫೈಲುಗಳಲ್ಲಿ, ಗಿಟ್‌ನ ಕಾವಲಿನಲ್ಲಿರುತ್ತದೆ. ಮಾದರಿಯ ತಲೆಯಲ್ಲಿ ಸಂಪರ್ಕದ ಹೆಸರು ಒಂದೇ ಇರುತ್ತದೆ, ಆ ಹೆಸರಿನ ಹಿಂದಿನ ಸರ್ವರ್ ಯಾವುದು ಎಂಬುದು ಆಡಳಿತ ಪುಟದಲ್ಲಿ. 1992ರ ಡಿಎಸ್‌ಎನ್ ಹೇಳಿದ್ದನ್ನೇ ಇವರೂ ಹೇಳಿದ್ದಾರೆ, ಇಟ್ಟ ಜಾಗ ಮಾತ್ರ ಸರಿಯಾಗಿದೆ.

ಮುಕ್ತ ತಂತ್ರಾಂಶಗಳ ಕಡೆ ತಿರುಗಿದರೆ ಈ ಚರ್ಚೆಯ ಅತ್ಯಂತ ಸ್ವಾರಸ್ಯದ ಭಾಗ ಸಿಗುತ್ತದೆ. 2015ರಲ್ಲಿ ಏರ್‌ಬಿಎನ್‌ಬಿಯೊಳಗೆ ಮ್ಯಾಕ್ಸಿಮ್ ಬೋಶೆಮಿನ್ ಶುರು ಮಾಡಿದ ಸೂಪರ್‌ಸೆಟ್ ಈಗ ಅಪಾಚೆ ಪ್ರತಿಷ್ಠಾನದ ಯೋಜನೆ. ಅದರಿಂದ ರಫ್ತು ಮಾಡಿದರೆ ಯಾಮಲ್ ಫೈಲುಗಳ ಒಂದು ಜಿಪ್ ಸಿಗುತ್ತದೆ. ಸಂಪರ್ಕದ ಸಾಲಿನಲ್ಲಿ ಪಾಸ್‌ವರ್ಡ್ ಇರಬೇಕಾದ ಕಡೆ ಸಾಲಾಗಿ ಎಕ್ಸ್ ಅಕ್ಷರಗಳಿರುತ್ತವೆ. ಇಂಪೋರ್ಟ್ ಮಾಡುವಾಗ ಆ ಡೇಟಾಬೇಸ್ ಅಲ್ಲಿ ಹೊಸದಾಗಿದ್ದರೆ ಅದು ನಿಂತು ಪಾಸ್‌ವರ್ಡ್ ಕೇಳುತ್ತದೆ. ಮೆಟಾಬೇಸ್‌ನಲ್ಲಿ ಹೀಗೆ ರಫ್ತು ಮಾಡಿ ಇಂಪೋರ್ಟ್ ಮಾಡುವ ಸೌಲಭ್ಯ ಹಣ ಕೊಡುವ ಆವೃತ್ತಿಯಲ್ಲಿದೆ. ಡೇಟಾಬೇಸಿನ ಗುಟ್ಟುಗಳನ್ನು ಸೇರಿಸಬೇಕಾದರೆ ಬೇರೆಯೇ ಒಂದು ಆಯ್ಕೆಯನ್ನು ಬೇಕೆಂದೇ ಬರೆಯಬೇಕು, ಇಲ್ಲವಾದರೆ ಸೇರುವುದಿಲ್ಲ. 2014ರಲ್ಲಿ ಹುಟ್ಟಿದ ಗ್ರಫಾನಾ ಮೇಲ್ವಿಚಾರಣೆಯ ಸಾಧನವಾದರೂ ವ್ಯವಹಾರದ ಅಂಕಿಗಳಿಗೂ ಬಳಕೆಯಾಗುತ್ತದೆ. 2018ರ ಐದನೇ ಆವೃತ್ತಿಯಿಂದ ಡೇಟಾ ಮೂಲಗಳನ್ನು ಯಾಮಲ್‌ನಲ್ಲಿ ಬರೆದಿಟ್ಟರೆ ಅದು ಏಳುವಾಗಲೇ ಓದಿಕೊಳ್ಳುತ್ತದೆ. ಗುಟ್ಟಿಗೆ ಅಲ್ಲಿ ಪ್ರತ್ಯೇಕ ಕೋಣೆಯಿದೆ. ಒಳಗೆ ಹಾಕಬಹುದು, ತಿರುಗಿ ಕೇಳಿದರೆ ಅದು ತುಂಬಿದೆ ಎಂದಷ್ಟೇ ಹೇಳುತ್ತದೆ, ತೋರಿಸುವುದಿಲ್ಲ.

ಇಲ್ಲಿ ಏಳುವ ನಿಜವಾದ ಪ್ರಶ್ನೆ ಗುರುತಿನದು. ಇಂಪೋರ್ಟ್ ಆಗುವ ಡೇಟಾ ಮೂಲ ಹೋದ ಊರಿನಲ್ಲಿ ಈಗಾಗಲೇ ಇರುವುದೇ, ಅಥವಾ ಹೊಸತೇ? ಹಳ್ಳಿಯ ಕ್ರಯಪತ್ರ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಪತ್ರದಲ್ಲಿ ಚೆಕ್ಕುಬಂದಿ ಬರೆದಿರುತ್ತಾರೆ: ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕೆರೆಯ ಏರಿ. ಜೊತೆಗೆ ಸರ್ವೆ ನಂಬರೂ ಇರುತ್ತದೆ. ಚೆಕ್ಕುಬಂದಿ ಓದಿದವನಿಗೆ ಜಾಗ ಕಣ್ಣಿಗೆ ಕಟ್ಟುತ್ತದೆ, ಆದರೆ ತೋಟದವರು ಮಾರಿಹೋದರೆ ದಿಕ್ಕು ತಪ್ಪುತ್ತದೆ. ಸರ್ವೆ ನಂಬರು ಕಣ್ಣಿಗೆ ಏನೂ ಕಟ್ಟುವುದಿಲ್ಲ, ಆದರೆ ಅಕ್ಕಪಕ್ಕದವರು ಬದಲಾದರೂ ತಾನು ಬದಲಾಗುವುದಿಲ್ಲ. ಸೂಪರ್‌ಸೆಟ್ ಸರ್ವೆ ನಂಬರಿನ ದಾರಿ ಹಿಡಿದಿದೆ. ಪ್ರತಿ ವಸ್ತುವಿಗೂ ಯುಯುಐಡಿ ಎಂಬ ಉದ್ದನೆಯ ಗುರುತು. ಅದೇ ಗುರುತಿನದು ಅಲ್ಲಿ ಇದ್ದರೆ ಮೇಲೆ ಬರೆಯಲೇ ಎಂದು ಕೇಳುತ್ತದೆ, ಇಲ್ಲದಿದ್ದರೆ ಹೊಸದಾಗಿ ಸೃಷ್ಟಿಸುತ್ತದೆ. ಮೆಟಾಬೇಸ್ ತನ್ನ ಪ್ರಶ್ನೆಗಳಿಗೂ ಡ್ಯಾಶ್‌ಬೋರ್ಡುಗಳಿಗೂ ಇಂಥ ಗುರುತು ಕೊಟ್ಟರೂ ಡೇಟಾಬೇಸ್, ಟೇಬಲ್, ಕಾಲಂಗಳನ್ನು ಹೆಸರಿನಿಂದಲೇ ಹಿಡಿಯುತ್ತದೆ, ಅಂದರೆ ಚೆಕ್ಕುಬಂದಿಯಿಂದ. ಗ್ರಫಾನಾದ ಡ್ಯಾಶ್‌ಬೋರ್ಡುಗಳು ಮೊದಲು ಡೇಟಾ ಮೂಲವನ್ನು ಹೆಸರಿನಿಂದ ಕರೆಯುತ್ತಿದ್ದವು, ಆಮೇಲೆ ಗುರುತಿಗೆ ಬದಲಾದವು.

ಯಾವುದು ಸರಿ? ಬಹಳ ದಿನ ನಾನು ಗುರುತಿನ ಪಕ್ಷದಲ್ಲಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಹೆಸರಿನ ದಾರಿಯಲ್ಲಿ, ಟೆಸ್ಟ್‌ನಲ್ಲೂ ಪ್ರೊಡಕ್ಷನ್‌ನಲ್ಲೂ ಡೇಟಾಬೇಸಿಗೆ ಒಂದೇ ಹೆಸರಿಟ್ಟರೆ, ವರದಿ ಹೋದ ಕಡೆಯ ಸಂಪರ್ಕಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ವಿಳಾಸವನ್ನು ಫೈಲಿನಲ್ಲಿ ಒಯ್ಯುವ ಅಗತ್ಯವೇ ಬೀಳುವುದಿಲ್ಲ. ಆದರೆ ಯಾರೋ ಒಬ್ಬರು ಆ ಹೆಸರಿಗೆ ಒಂದು ಖಾಲಿ ಜಾಗ ಸೇರಿಸಿದರೂ ಸಾಕು, ಒಂದು ಮೂಲ ಎರಡಾಗುತ್ತದೆ. ಗುರುತಿನ ದಾರಿಯಲ್ಲಿ ಆ ಅಪಾಯವಿಲ್ಲ. ಆದರೆ ಎರಡು ಕಡೆ ಬೇರೆ ಬೇರೆಯಾಗಿ ಕಟ್ಟಿದ ಒಂದೇ ಮೂಲಕ್ಕೆ ಎರಡು ಗುರುತು ಬಿದ್ದಿದ್ದರೆ, ಅವೆರಡೂ ಒಂದೇ ಎಂದು ಸಾಧನಕ್ಕೆ ಎಂದೂ ತಿಳಿಯುವುದಿಲ್ಲ. ಜಮೀನಿಗೆ ಎರಡೂ ಬೇಕಾದಂತೆ ಇದಕ್ಕೂ ಎರಡೂ ಬೇಕು: ಯಂತ್ರಕ್ಕೆ ನಂಬರು, ಮನುಷ್ಯನಿಗೆ ಹೆಸರು. ಎರಡೂ ಹೊಂದದಿದ್ದಾಗ ಸಾಧನ ಊಹಿಸಿ ಮುಂದುವರಿಯದೆ ನಿಂತು ಕೇಳಬೇಕು.

ಗುಟ್ಟಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅನಾಹುತಗಳೆಲ್ಲ ಇಲ್ಲೇ. 2011ರಲ್ಲಿ ಹೆರೋಕುವಿನ ಆ್ಯಡಂ ವಿಗಿನ್ಸ್ ಬರೆದ ಹನ್ನೆರಡು ಸೂತ್ರಗಳ ಪ್ರಣಾಳಿಕೆಯಲ್ಲಿ ಒಂದು ಸರಳ ಪರೀಕ್ಷೆಯಿದೆ: ನಿಮ್ಮ ಕೋಡನ್ನೆಲ್ಲ ಈ ಕ್ಷಣ ಲೋಕಕ್ಕೆ ತೆರೆದಿಟ್ಟರೆ ಯಾವುದಾದರೂ ಪಾಸ್‌ವರ್ಡ್ ಹೊರಬೀಳುತ್ತದೆಯೇ? ಡಿಬಿಟಿ ಎಂಬ ಡೇಟಾ ಸಾಧನ ಇದನ್ನು ಚೆನ್ನಾಗಿ ಪಾಲಿಸಿದೆ. ಅದರ ಯೋಜನೆಯ ಫೈಲುಗಳು ಒಂದು ಕಡೆ, ಸಂಪರ್ಕದ ವಿವರವಿರುವ ಪ್ರೊಫೈಲ್ ಫೈಲು ಇನ್ನೊಂದು ಕಡೆ, ಆ ಪ್ರೊಫೈಲಿನಲ್ಲೂ ಪಾಸ್‌ವರ್ಡ್ ಬದಲು ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಹೆಸರು ಬರೆಯಬಹುದು. ರಫ್ತಾದ ಫೈಲನ್ನು ಗಿಟ್‌ಗೆ ಹಾಕುವ ಅಭ್ಯಾಸ ಬೆಳೆದಂತೆ ಈ ಪರೀಕ್ಷೆ ಇನ್ನಷ್ಟು ಮುಖ್ಯವಾಗಿದೆ. ಗಿಟ್ ಮರೆಯುವುದಿಲ್ಲ. ಇಂದು ಪಾಸ್‌ವರ್ಡ್ ಅಳಿಸಿದರೂ ನಿನ್ನೆಯ ಆವೃತ್ತಿಯಲ್ಲಿ ಅದು ಕೂತೇ ಇರುತ್ತದೆ. ಆಗ ಮಾಡಬೇಕಾದದ್ದು ಪಾಸ್‌ವರ್ಡನ್ನೇ ಬದಲಿಸುವುದು. ಫೈಲಿನ ಆ ಸಾಲು ಅಳಿಸಿದೆನಲ್ಲ ಎಂದು ಕೈತೊಳೆದುಕೊಂಡ ತಂಡಗಳನ್ನು ನಾನು ಕಂಡಿದ್ದೇನೆ.

ಗೂಢಲಿಪಿ ಇದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಸೂಪರ್‌ಸೆಟ್ ತನ್ನಲ್ಲಿಟ್ಟ ಪಾಸ್‌ವರ್ಡುಗಳಿಗೆ ಬೀಗ ಹಾಕುವುದು ಒಂದು ರಹಸ್ಯ ಕೀಲಿಯಿಂದ. ಹಳೆಯ ಆವೃತ್ತಿಗಳು ಆ ಕೀಲಿಗೆ ಒಂದು ಪೂರ್ವನಿಗದಿ ಬೆಲೆಯನ್ನು ಕೊಟ್ಟೇ ಬರುತ್ತಿದ್ದವು, ಬದಲಿಸಿಕೊಳ್ಳಿ ಎಂಬ ಸೂಚನೆಯೊಂದಿಗೆ. ಬಹಳ ಕಡೆ ಬದಲಿಸಲೇ ಇಲ್ಲ. ಅದೇ ಕೀಲಿ ಲಾಗಿನ್ ಕುಕಿಗಳಿಗೆ ಸಹಿ ಹಾಕಲೂ ಬಳಕೆಯಾಗುತ್ತಿದ್ದರಿಂದ ಹೊರಗಿನವರು ಆಡಳಿತಗಾರರ ವೇಷದಲ್ಲಿ ಒಳಬರಲು ಸಾಧ್ಯವಿತ್ತು. 2023ರಲ್ಲಿ ಇದು ಸಿವಿಇ-2023-27524 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಆಮೇಲಿನ ಆವೃತ್ತಿಗಳು ಪೂರ್ವನಿಗದಿ ಕೀಲಿಯಿದ್ದರೆ ಏಳಲು ಒಪ್ಪುವುದಿಲ್ಲ. ವಿಶ್ಲೇಷಣಾ ಸಾಧನವೆಂದರೆ ಕಂಪನಿಯ ಎಲ್ಲ ಡೇಟಾಬೇಸುಗಳ ಬೀಗದ ಕೈಗಳನ್ನೂ ಒಂದೇ ಗೊಂಚಲಿನಲ್ಲಿ ಇಟ್ಟುಕೊಂಡ ಮನೆ ಎಂಬುದನ್ನು ಆ ಪ್ರಕರಣ ಎಲ್ಲರಿಗೂ ತೋರಿಸಿಕೊಟ್ಟಿತು.

ವಿಳಾಸದ ಪದರದಲ್ಲಿ ಎರಡು ಸಣ್ಣ ವಿವರಗಳಿವೆ. ಕನ್ನಡದ ಡೇಟಾ ಇಟ್ಟುಕೊಂಡವರಿಗೆ ಅವು ಸಣ್ಣವಲ್ಲ. ಒಂದು ಅಕ್ಷರ ಸಂಕೇತ. ಕನ್ನಡದ ಪ್ರತಿ ಯೂನಿಕೋಡ್ ಅಕ್ಷರಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಹಳೆಯ ಸಂಪರ್ಕದಲ್ಲಿ ಯಾರೋ ಪುಣ್ಯಾತ್ಮರು ಯುಟಿಎಫ್-8 ಎಂದು ಒಂದು ಪ್ಯಾರಾಮೀಟರ್ ಸೇರಿಸಿಟ್ಟಿರುತ್ತಾರೆ. ಹೊಸ ಸರ್ವರ್‌ನಲ್ಲಿ ಫೈಲು ಇಂಪೋರ್ಟ್ ಮಾಡದೆ ಸಂಪರ್ಕವನ್ನು ಕೈಯಾರೆ ಕಟ್ಟಿದವರಿಗೆ ಅದು ಗೊತ್ತಿರುವುದಿಲ್ಲ. ಮರುದಿನ ತಾಲ್ಲೂಕಿನ ಹೆಸರುಗಳಿರಬೇಕಾದ ಕಡೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಾಮಾನ್ಯವಾಗಿ ಕನ್ನಡಕ್ಕೆ ಎನ್‌ವಾರ್‌ಚಾರ್ ಬಗೆಯ ಕಾಲಂ ಬೇಕು. 2019ರ ಆವೃತ್ತಿಯಿಂದ ಯುಟಿಎಫ್-8 ಕೊಲೇಶನ್ ಇದ್ದರೆ ವಾರ್‌ಚಾರ್ ಕೂಡ ಸಾಕು. ನುಡಿಯಂಥ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿ ಬೆರಳಚ್ಚು ಮಾಡಿದ ಹೆಸರುಗಳಿದ್ದರಂತೂ ಯಾವ ಪ್ಯಾರಾಮೀಟರೂ ನೆರವಿಗೆ ಬಾರದು, ಅವನ್ನು ಮೂಲದಲ್ಲೇ ಯೂನಿಕೋಡಿಗೆ ಪರಿವರ್ತಿಸಬೇಕು. ಡ್ಯಾಶ್‌ಬೋರ್ಡ್ ಕೆಟ್ಟಿದೆ ಎಂದು ದೂರು ಬರುತ್ತದೆ, ಡ್ಯಾಶ್‌ಬೋರ್ಡನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇನ್ನೊಂದು ಕಾಲವಲಯ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಕಚೇರಿಯ ಸರ್ವರ್ ಭಾರತೀಯ ಸಮಯದಲ್ಲಿ ನಡೆಯುತ್ತಿತ್ತು, ಕ್ಲೌಡಿನದು ಯುಟಿಸಿಯಲ್ಲಿ. ಸಂರಚನೆಯಲ್ಲಿ ಕಾಲವಲಯ ಬರೆದಿಲ್ಲದಿದ್ದರೆ ಬೆಳಗಿನ ಐದೂವರೆಗೆ ಮುಂಚಿನ ವ್ಯವಹಾರವೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಬಟ್ಟೆ ಅಂಗಡಿಗೆ ಇದು ತಿಳಿಯುವುದೇ ಇಲ್ಲ. ನಸುಕಿನಲ್ಲಿ ಹಾಲು ಅಳೆಯುವ ಸಂಘಕ್ಕೆ, ಬೆಳಗಿನ ಜಾವ ಹರಾಜು ನಡೆಯುವ ಹೂವಿನ ಮಾರುಕಟ್ಟೆಗೆ ಇಡೀ ದಿನದ ವ್ಯಾಪಾರವೇ ಪಲ್ಲಟವಾಗುತ್ತದೆ. ತಿಂಗಳ ಒಟ್ಟು ಹೆಚ್ಚು ಕಡಿಮೆ ಸರಿ ಇರುವುದರಿಂದ ತಪ್ಪು ಸಿಕ್ಕಿಬೀಳುವುದೂ ತಡ.

ಕಾನೂನಿನ ಮಾತು ಚುಟುಕಾಗಿ. ಪಾವತಿ ವ್ಯವಸ್ಥೆಯ ಡೇಟಾ ಭಾರತದೊಳಗೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು; ತಕ್ಕ ಭದ್ರತೆ ಒದಗಿಸದವರಿಗೆ ಅದರಲ್ಲಿ ₹250 ಕೋಟಿಯವರೆಗೆ ದಂಡವಿದೆ. ಬರೀ ವಿಳಾಸವಿರುವ ಫೈಲು ಗಡಿ ದಾಟಿದರೆ ಯಾರ ವೈಯಕ್ತಿಕ ಡೇಟಾವೂ ದಾಟಿದಂತಾಗುವುದಿಲ್ಲ. ಡೇಟಾ ತುಂಬಿದ ಟಿಡಿಎಸ್‌ಎಕ್ಸ್ ಅಥವಾ ಪಿಬಿಐಎಕ್ಸ್ ಇಮೇಲಿನಲ್ಲಿ ಹೋದರೆ ಗ್ರಾಹಕರ ಪಟ್ಟಿಯೇ ಹೋಗುತ್ತದೆ. ಕಳಿಸುವವರಿಗೆ ಎರಡೂ ಒಂದು ಫೈಲು, ಒಂದು ಕ್ಲಿಕ್ಕು. ರಫ್ತಿನ ಗುಂಡಿಯ ಪಕ್ಕದಲ್ಲಿ ಈ ವ್ಯತ್ಯಾಸವನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಎಂಬುದು ನನ್ನ ಬಹುದಿನದ ಆಗ್ರಹ.

ಒಂದು ಸಾಧನದಿಂದ ಇನ್ನೊಂದು ಸಾಧನಕ್ಕೆ ಸಾಗಿಸುವ ಕನಸು ಹಳೆಯದು. 2001ರಲ್ಲಿ ಐಬಿಎಂ, ಒರಾಕಲ್, ಯೂನಿಸಿಸ್, ಹೈಪೀರಿಯನ್ ಮೊದಲಾದವು ಸೇರಿ ಕಾಮನ್ ವೇರ್‌ಹೌಸ್ ಮೆಟಾಮಾಡೆಲ್ ಎಂಬ ಮಾನಕ ರೂಪಿಸಿದವು. ಒಬ್ಬರು ಬರೆದ ಮಾದರಿಯನ್ನು ಇನ್ನೊಬ್ಬರು ಓದಬಲ್ಲಂತೆ ಎಕ್ಸ್‌ಎಂಐ ರೂಪದಲ್ಲಿ ಬರೆಯುವುದು ಉದ್ದೇಶ. ಪೆಂಟಾಹೊ ತನ್ನ ಡೇಟಾ ಮೂಲದ ಮಾದರಿಗಳನ್ನು ಇಂದಿಗೂ ಎಕ್ಸ್‌ಎಂಐ ಫೈಲಾಗಿ ರಫ್ತು ಮಾಡುವುದು ಆ ಕಾಲದ ಗುರುತು. ಮಾನಕ ಬೇರೂರಲಿಲ್ಲ. ಟೇಬಲ್‌ಗಳ ನಂಟನ್ನು ಹಂಚಿಕೊಳ್ಳಬಹುದು. ಲೆಕ್ಕದ ಸೂತ್ರ ಬರೆಯುವ ಭಾಷೆ ಪ್ರತಿ ಸಾಧನಕ್ಕೂ ಬೇರೆ, ಆ ಭಾಷೆಯೇ ಅವರವರ ಬಂಡವಾಳ. 2025ರ ಸೆಪ್ಟೆಂಬರ್‌ನಲ್ಲಿ ಸ್ನೋಫ್ಲೇಕ್, ಸೇಲ್ಸ್‌ಫೋರ್ಸ್, ಡಿಬಿಟಿ ಲ್ಯಾಬ್ಸ್ ಮೊದಲಾದವು ಓಪನ್ ಸೆಮ್ಯಾಂಟಿಕ್ ಇಂಟರ್‌ಚೇಂಜ್ ಹೆಸರಿನಲ್ಲಿ ಮತ್ತೆ ಕೈಜೋಡಿಸಿವೆ. ಈ ಸಲ ಒತ್ತಾಯ ಬಂದಿರುವುದು ಬೇರೆ ಕಡೆಯಿಂದ: ನಿವ್ವಳ ಮಾರಾಟ ಎಂದರೇನು ಎಂಬುದಕ್ಕೆ ಮೂರು ಸಾಧನಗಳಲ್ಲಿ ಮೂರು ಅರ್ಥವಿದ್ದರೆ ಕೃತಕ ಬುದ್ಧಿಮತ್ತೆ ಮೂರು ಉತ್ತರ ಕೊಡುತ್ತದೆ. ಅರ್ಥದ ಪದರಕ್ಕೆ ಒಂದು ಸಾಮಾನ್ಯ ಭಾಷೆ ಸಿಕ್ಕರೆ ಅದು ದೊಡ್ಡ ಗೆಲುವೇ. ವಿಳಾಸ, ಗುಟ್ಟುಗಳ ಮಟ್ಟಿಗೆ ಮಾತ್ರ ಹೋದ ಊರಿನವರೇ ಕೂತು ಬರೆಯುವುದು ತಪ್ಪುವುದಿಲ್ಲ, ತಪ್ಪಲೂ ಬಾರದು.

ಹುಬ್ಬಳ್ಳಿಯ ಪ್ರಸಂಗದ ನಂತರ ನಮ್ಮ ತಂಡ ಮೊದಲು ಮಾಡಿದ ಕೆಲಸ ಟೆಸ್ಟ್ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದು, ಪ್ರೊಡಕ್ಷನ್ ಸರ್ವರ್‌ನಿಂದ ಅದಕ್ಕೆ ಹೋಗುವ ನೆಟ್‌ವರ್ಕ್ ದಾರಿಯನ್ನು ಮುಚ್ಚಿಸಿದ್ದು. ತಪ್ಪು ವಿಳಾಸ ಬಂದರೆ ಸಂಪರ್ಕ ಕೆಡಲಿ, ಕೆಟ್ಟರೆ ಕಾಣುತ್ತದೆ ಎಂದು. ಆಮೇಲೆ ಪ್ರತಿ ಡೇಟಾಬೇಸಿನಲ್ಲೂ ಒಂದೇ ಸಾಲಿನ ಒಂದು ಟೇಬಲ್ ಇಟ್ಟೆವು: ಇದು ಟೆಸ್ಟ್, ಇದು ಪ್ರೊಡಕ್ಷನ್ ಎಂದು ಅದರಲ್ಲಿ ಬರೆದಿರುತ್ತದೆ. ಪ್ರತಿ ಡ್ಯಾಶ್‌ಬೋರ್ಡಿನ ಕೆಳಮೂಲೆಯಲ್ಲಿ ಆ ಸಾಲೂ, ಡೇಟಾ ಕೊನೆಯ ಸಲ ಬದಲಾದ ದಿನ ಮತ್ತು ಸಮಯವೂ ಕಾಣುವಂತೆ ಮಾಡಿದೆವು. ಮೊದಲ ಸೋಮವಾರ ಸಭೆಗೆ ಮುಂಚೆ ಮಾರಾಟದ ಮುಖ್ಯಸ್ಥರು ಚಾರ್ಟ್ ನೋಡುವ ಮೊದಲು ಕನ್ನಡಕ ಸರಿಮಾಡಿಕೊಂಡು ಆ ಮೂಲೆಯನ್ನು ಓದಿದರು. ಪ್ರೊಡಕ್ಷನ್, ಬೆಳಿಗ್ಗೆ 8.40 ಎಂದಿತ್ತು. ಆಮೇಲೆ ಹುಬ್ಬಳ್ಳಿಯ ಸಾಲಿಗೆ ಬಂದರು.